ಒಂದು ಬೆರಳಿನ ಸಡಿಲ

ಮಾರ್ಚ್ ೩, ಸೋಮವಾರ

ಬಟ್ಟೆ ಕಂಪನಿಯವರು ಪ್ರತಿ ವರ್ಷ ಕೊಡುವ ಡೈರಿಯನ್ನು ಮೊದಲ ಸಲ ತೆರೆದಿದ್ದೇನೆ. ಇದುವರೆಗೆ ಇದರ ಅಗತ್ಯ ಬಿದ್ದಿರಲಿಲ್ಲ, ಗೊಣಗುವುದಕ್ಕೆ ಮನೆಯಲ್ಲಿ ಹೆಂಡತಿ ಇದ್ದಳು. ಇವತ್ತು ಬೆಳಿಗ್ಗೆ ಅವಳು ಮೊಣಕಾಲಿನ ಆಪರೇಷನ್ನಿಗೆಂದು ತಂಗಿಯ ಊರಿಗೆ ಹೋದಳು. ಆಸ್ಪತ್ರೆ, ಆಮೇಲೆ ತಂಗಿಯ ಮನೆಯಲ್ಲಿ ವಿಶ್ರಾಂತಿ, ಎಲ್ಲ ಮುಗಿದು ಬರುವುದು ತಿಂಗಳ ಕೊನೆಗೆ. ನಾನೂ ಜೊತೆಗೆ ಬರುತ್ತೇನೆ ಎಂದೆ. "ನೀವು ಬಂದ್ರೆ ಮರಿನ ಯಾರು ನೋಡ್ಕೋತಾರೆ?" ಎಂದಳು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ಕೊನೆಗೂ ಒಂದು ಹುದ್ದೆ ಸಿಕ್ಕಿತು. ನಾಯಿಯ ಆಳಿನ ಹುದ್ದೆ.

ಮರಿ ಎನ್ನುವುದು ಅವಳ ಬಾಯಲ್ಲಿ ಮಾತ್ರ. ಅಂಗಡಿಯ ಹಿಂದೆ ಕಸದ ಡಬ್ಬಿಯ ಪಕ್ಕ ನಡುಗುತ್ತ ಕೂತಿದ್ದಾಗ ಮರಿಯಾಗಿತ್ತು, ಒಪ್ಪುತ್ತೇನೆ. ಈಗ ನನ್ನ ಬಟ್ಟೆ ಕತ್ತರಿಸುವ ಮೇಜಿನ ಅರ್ಧದಷ್ಟಿದೆ. ನಾನು ಸಾಹೇಬರು ಎನ್ನುತ್ತೇನೆ. ದುಡಿಯದೆ ತಿನ್ನುವವರಿಗೆ, ಕರೆದರೆ ಬಾರದವರಿಗೆ, ಇಡೀ ಸೋಫಾ ತಮ್ಮದೆಂದು ಮಲಗುವವರಿಗೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಬೆಳಗಿನ ಚಳಿಯಿದೆ, ಬಸ್ಸಿನಲ್ಲಿ ಗಾಳಿ ಹೊಡೆಯುತ್ತದೆ, ಬೂದು ಕೋಟು ಹಾಕಿಕೋ ಎಂದೆ. ಹೋದ ವರ್ಷ ನಾನೇ ಹೊಲಿದುಕೊಟ್ಟ ಕೋಟು. ಒಂದು ಸುಕ್ಕು ಹುಡುಕಿಕೊಟ್ಟವರಿಗೆ ಅಂಗಡಿ ಬರೆದುಕೊಡುತ್ತೇನೆ. ಅವಳು "ಇರ್ಲಿ ಬಿಡಿ" ಎಂದು ಗೋಣಿಚೀಲದಂಥ ಹಳೆಯ ಸ್ವೆಟರ್ ಏರಿಸಿಕೊಂಡು ಹೋದಳು. ಕೋಟು ಕಪಾಟಿನಲ್ಲಿ ಪ್ಲಾಸ್ಟಿಕ್ ಹೊದ್ದು ನೇತಾಡುತ್ತಿದೆ. ದರ್ಜಿಯ ಹೆಂಡತಿ ಊರಿಗೆ ಹೊರಟ ವೈಭವ ಇದು.

ಮಾರ್ಚ್ ೫, ಬುಧವಾರ

ಆಪರೇಷನ್ ಚೆನ್ನಾಗಿ ಆಯಿತಂತೆ. ನಾದಿನಿ ಫೋನ್ ಮಾಡಿದ್ದಳು. ಎಚ್ಚರವಾದ ತಕ್ಷಣ ಅಕ್ಕ ಕೇಳಿದ ಮೊದಲ ಮಾತು "ಮರಿ ಊಟ ಮಾಡ್ತಾ" ಎಂಬುದಂತೆ, "ನೀವು ಬೇಜಾರು ಮಾಡ್ಕೋಬೇಡಿ ಭಾವ" ಎಂದಳು. ನನಗೇಕೆ ಬೇಜಾರು. ನಾನು ಊಟ ಮಾಡಿದೆನೋ ಇಲ್ಲವೋ ಎಂಬುದನ್ನು ಮುಂದಿನ ಆಪರೇಷನ್ನಿನಲ್ಲಿ ಕೇಳಬಹುದು.

ಬ್ಯಾಂಕಿನ ಮ್ಯಾನೇಜರ್ ಎರಡನೇ ಸಲ ಬಂದರು. ಕೋಟು ಬಿಗಿಯಂತೆ. ಅವರನ್ನು ಕನ್ನಡಿಯ ಮುಂದೆ ನಿಲ್ಲಿಸಿ ಕಾಲರಿಗೂ ಕತ್ತಿಗೂ ನಡುವೆ ಬೆರಳು ತೂರಿಸಿ ತೋರಿಸಿದೆ. ತೂರಲಿಲ್ಲ. ಇದು ನನ್ನ ಗುರುಗಳು ಕಲಿಸಿದ ಪರೀಕ್ಷೆ: ಬೆರಳು ತೂರಿದರೆ ಅದು ಕೋಟಲ್ಲ, ಹೊದಿಕೆ. ಅಂಥದ್ದನ್ನು ಬಿಚ್ಚಿ ಮತ್ತೆ ಹೊಲಿಯಬೇಕು. ನನ್ನ ಅಳತೆ ತಪ್ಪಿಲ್ಲ, ನಿಮ್ಮ ಹೊಟ್ಟೆ ತಪ್ಪಿದೆ ಎಂದೆ. ಅವರು ಕೋಟನ್ನು ಮೇಜಿನ ಮೇಲೆ ಬಿಟ್ಟು ಹೋದರು. ಬಾಗಿಲ ಬಳಿ ಸಾಹೇಬರು ಬಾಲ ಅಲ್ಲಾಡಿಸಿ ಅವರನ್ನು ಬೀಳ್ಕೊಟ್ಟರು. ನನ್ನ ಗಿರಾಕಿ ಹೋದರೆ ಅವರಿಗೆ ಯಾವಾಗಲೂ ಸಂತೋಷ.

ಮಾರ್ಚ್ ೬, ಗುರುವಾರ

ಇವತ್ತು ನಾನು ವೈದ್ಯನಾದೆ.

ಸಂಜೆ ಸಾಹೇಬರನ್ನು ವಾಯುವಿಹಾರಕ್ಕೆ ಕರೆದೊಯ್ದಿದ್ದೆ. ಕಸದ ಡಬ್ಬಿಗಳ ಹಿಂದೆ ಅವರ ಕಚೇರಿಯಿದೆ. ಅಲ್ಲಿ ಯಾವ ಕಡತ ನೋಡಲು ಹೋದರೋ, ಒಡೆದ ಬಾಟಲಿಯ ಮೇಲೆ ಕಾಲಿಟ್ಟರು. ಬಲ ಮುಂಗಾಲು. ಅಂಗಡಿಯೊಳಗೆ ಬರುವಷ್ಟರಲ್ಲಿ ನೆಲದ ತುಂಬ ಕೆಂಪು ಹೆಜ್ಜೆಗಳು. ಕತ್ತರಿ, ಬ್ಲೇಡು, ಸೂಜಿಯ ನಡುವೆ ಬದುಕು ಸವೆಸಿದವನು ನಾನು, ರಕ್ತಕ್ಕೆ ಹೆದರುವುದಿಲ್ಲ. ಹೋಗಿ ಕಾಲು ಹಿಡಿದೆ. ಸಾಹೇಬರು ಉಪ್ಪು ತಿಂದ ಋಣ ಮರೆತು ನನ್ನ ಕೈಗೇ ಬಾಯಿ ಹಾಕಿದರು. ಅಂಗಿಯ ತೋಳು ಹರಿಯಿತು, ಚರ್ಮ ಉಳಿಯಿತು.

ಸದ್ದು ಕೇಳಿ ಪಕ್ಕದ ಕಟಿಂಗ್ ಶಾಪಿನವನು ಓಡಿಬಂದ. ಈ ಬೀದಿಯಲ್ಲಿ ಯಾರಿಗೆ ಏನಾದರೂ ಅವನ ಹತ್ತಿರ ಸಲಹೆ ಸಿದ್ಧವಿರುತ್ತದೆ. ಗಡ್ಡ ಹೆರೆದಾಗ ಗಾಯವಾದರೆ ಉಜ್ಜುವ ಪಟಕ ತಂದಿದ್ದ, ಉಜ್ಜಿಬಿಡಿ ಎಂದ. ಅದೇ ಪಟಕ ಭಾನುವಾರ ನನ್ನ ಕೆನ್ನೆಗೂ ಬರುತ್ತದೆ ಎಂಬುದು ನೆನಪಾಗಿ ಬೇಡವೆಂದೆ. ಆದರೆ ಒಂದು ಕೆಲಸಕ್ಕೆ ಬರುವ ಮಾತನ್ನೂ ಅವನೇ ಹೇಳಿದ. ನೋವಿದ್ದಾಗ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಮೊದಲು ಬಾಯಿ ಕಟ್ಟಿ ಎಂದ. ಗೋಡೆಯ ಮೊಳೆಯಲ್ಲಿ ನನ್ನದೇ ಹಳೆಯ ಟೈ ನೇತಾಡುತ್ತಿತ್ತು. ಮೂತಿಗೆ ಎರಡು ಸುತ್ತು ಸುತ್ತಿ ಕಿವಿಯ ಹಿಂದೆ ಗಂಟು ಹಾಕಿದೆವು, ಮೂಗಿನ ಹೊಳ್ಳೆ ಬಿಟ್ಟು. ಸಾಹೇಬರು ಮೊದಲ ಬಾರಿಗೆ ತಮ್ಮ ಹುದ್ದೆಗೆ ತಕ್ಕ ಉಡುಪಿನಲ್ಲಿದ್ದರು.

ಆಮೇಲಿನದೆಲ್ಲ ಸಲೀಸು. ನಲ್ಲಿಯ ಕೆಳಗೆ ಕಾಲು ತೊಳೆದೆ. ನೂಲು ಕೀಳುವ ಚಿಮುಟದಿಂದ ಗಾಜಿನ ಚೂರು ತೆಗೆದೆ. ಒಗೆದ ಬಟ್ಟೆಯನ್ನು ಮಡಿಸಿ, ಕೈ ತೆಗೆಯದೆ, ರಕ್ತ ನಿಲ್ಲುವವರೆಗೂ ಅದುಮಿ ಹಿಡಿದೆ. ಕಟ್ಟುವ ಹೊತ್ತಿಗೆ ನನ್ನೊಳಗಿನ ಕಲಾವಿದ ಎದ್ದು ಕೂತ. ಕಂಡವರು ಸುತ್ತಿದ ಹಾಗೆ ಚಿಂದಿ ಸುತ್ತುವುದೇ? ಟೇಪು ಹಿಡಿದು ಕಾಲಿನ ಅಳತೆ ತೆಗೆದೆ. ಒಳ್ಳೆಯ ಲೈನಿಂಗ್ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ ಪಾದದಿಂದ ಮೇಲಕ್ಕೆ ಎಳೆದು ಎಳೆದು ಸುತ್ತಿ, ತುದಿಯನ್ನು ಕೈಹೊಲಿಗೆಯಲ್ಲಿ ಮುಗಿಸಿದೆ. ಬೆರಳು ತೂರಿಸಿ ನೋಡಿದೆ. ಸೂಜಿಯೂ ತೂರುವಂತಿರಲಿಲ್ಲ. ಕಟಿಂಗ್ ಶಾಪಿನವನು ಇಂಥ ಕಟ್ಟು ದೊಡ್ಡಾಸ್ಪತ್ರೆಯಲ್ಲೂ ನೋಡಿಲ್ಲ ಎಂದ. ಅವನ ಮಾತು ಒಪ್ಪಿದ್ದು ಇದೇ ಮೊದಲು.

ಹೆಂಡತಿಗೆ ಹೇಳಲಿಲ್ಲ. ಕಾಲು ಅಲುಗಿಸದೆ ಮಲಗಿದ್ದಾಳೆ, ಅವಳಿಗೇಕೆ ಗಾಬರಿ.

ಮಾರ್ಚ್ ೭, ಶುಕ್ರವಾರ

ಕಟ್ಟು ಒಂದು ನೂಲೂ ಜಾರಿಲ್ಲ. ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. ಸಾಹೇಬರಿಗೆ ಮಾತ್ರ ಕಲೆಯ ಬೆಲೆ ಗೊತ್ತಿಲ್ಲ, ಇಡೀ ದಿನ ಅದನ್ನು ಕಚ್ಚಿ ಎಳೆಯುತ್ತಿದ್ದರು. ಗದರಿಸಿದೆ.

ಮಾರ್ಚ್ ೮, ಶನಿವಾರ

ಕುಂಯ್ ಕುಂಯ್ ಎಂಬ ರಾಗ ಬೆಳಗಿನಿಂದ ಶುರು. ಅಮ್ಮಾವ್ರು ಬೇಕಂತೆ. ನನಗೂ ಬೇಕು, ನಾನು ಹಾಡುತ್ತಿದ್ದೇನೆಯೇ?

ಕಟಿಂಗ್ ಶಾಪಿನವನು ನೋವಿಗೆಂದು ತಾನು ನುಂಗುವ ತಲೆನೋವಿನ ಮಾತ್ರೆ ಕೊಟ್ಟ. ಬ್ರೆಡ್ಡಿನಲ್ಲಿ ಅಡಗಿಸಿ ಬಾಯಿಗೆ ಇಟ್ಟೆ. ಸಾಹೇಬರು ಬ್ರೆಡ್ಡು ತಿಂದು ಮಾತ್ರೆಯನ್ನು ನನ್ನ ಚಪ್ಪಲಿಯೊಳಗೆ ಉಗುಳಿದರು. ಮತ್ತೆ ಇಟ್ಟೆ, ಮತ್ತೆ ಉಗುಳಿದರು. ಇಷ್ಟು ಅಹಂಕಾರದ ಪ್ರಾಣಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ಸಂಜೆ ಹೆಂಡತಿ ವಿಡಿಯೋ ಕಾಲ್ ಮಾಡಿ ಮರಿಯನ್ನು ತೋರಿಸಿ ಎಂದಳು. ಮುಖ ಮಾತ್ರ ತೋರಿಸಿದೆ. "ಯಾಕೆ ಸಪ್ಪಗಿದಾನೆ?" ಎಂದಳು. ನಿನ್ನ ನೆನಪು ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ನನ್ನ ಮುಖ ತೋರಿಸಿ ಎಂದು ಅವಳೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ಕರೆದಾಗ ಸಾಹೇಬರು ಬರಲಿಲ್ಲ. ಅದು ದಿನಾ ಇರುವುದೇ. ಬಟ್ಟಲಿನ ಸದ್ದು ಮಾಡಿದಾಗಲೂ ಬರಲಿಲ್ಲ. ಹೋಗಿ ನೋಡಿದರೆ ಸೋಫಾದ ಹಿಂದೆ ಗೋಡೆಗೆ ಒತ್ತಿ ಮಲಗಿತ್ತು. ಕಟ್ಟಿನ ತುದಿಯಿಂದ ಇಣುಕುತ್ತಿದ್ದ ಬೆರಳುಗಳು ಊದಿ ಒಂದಕ್ಕೊಂದು ದೂರ ಹೋಗಿದ್ದವು. ಮುಟ್ಟಿದೆ. ಬೆಳಗಿನ ಹೊತ್ತಿನ ಕತ್ತರಿಯಷ್ಟು ತಣ್ಣಗಿದ್ದವು. ಎರಡು ದಿನದಿಂದ ಕಟ್ಟನ್ನು ಎಷ್ಟು ಜನಕ್ಕೆ ತೋರಿಸಿದ್ದೇನೆ. ಅದರ ಕೆಳಗಿನ ಬೆರಳನ್ನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಎತ್ತಿಕೊಂಡು ಆಟೋ ಹಿಡಿದೆ. ಅಷ್ಟು ಭಾರದ ಮೈ, ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೆ ಒಂದು ಸಲವೂ ಮಿಸುಕಲಿಲ್ಲ. ಭಾನುವಾರ ಪ್ರಾಣಿಗಳ ಕ್ಲಿನಿಕ್ ತೆರೆಯುವುದಿಲ್ಲ, ಡಾಕ್ಟರಮ್ಮನ ಮನೆ ಅದರ ಹಿಂದೆಯೇ. ಬಾಗಿಲು ಬಡಿದೆ. ಎಣ್ಣೆ ಹಚ್ಚಿದ ತಲೆಯಲ್ಲೇ ಬಂದರು. ನನ್ನ ಮಗಳಾಗುವ ವಯಸ್ಸು.

"ಇದನ್ನ ಯಾರು ಹೊಲಿದಿದ್ದು?"

"ನಾನೇ. ದರ್ಜಿ."

"ಹೊಲಿಗೆ ತುಂಬಾ ಚೆನ್ನಾಗಿದೆ," ಎಂದು ಕತ್ತರಿ ಹಾಕಿ ಒಂದೇ ಏಟಿಗೆ ಸೀಳಿದರು.

ಒಳಗೆ ಕಾಲಿನ ಮೇಲೆ ನನ್ನ ಪಟ್ಟಿಯ ಅಂಚು ಸುತ್ತು ಸುತ್ತಾಗಿ ಅಚ್ಚೊತ್ತಿತ್ತು. ಗಾಯ ವಾಸಿಯಾಗುತ್ತಿದೆ ಎಂದರು. ತೊಳೆದದ್ದು, ಗಾಜು ತೆಗೆದದ್ದು, ಅದುಮಿ ಹಿಡಿದದ್ದು, ಬಾಯಿ ಕಟ್ಟಿದ್ದು, ಎಲ್ಲ ಸರಿಯಂತೆ. ಕಟ್ಟಿದ್ದೊಂದೇ ತಪ್ಪು. ಗಾಜು ಮಾಡದಿದ್ದ ಹಾನಿಯನ್ನು ನನ್ನ ಫಿಟ್ಟಿಂಗ್ ಮಾಡಿತ್ತು.

"ಗಾಯ ಆದ್ಮೇಲೆ ಕಾಲು ಊದತ್ತೆ ಸರ್, ಬಟ್ಟೆ ಊದಲ್ಲ. ಕಟ್ಟಿದ್ಮೇಲೆ ಒಂದು ಬೆರಳು ಒಳಗೆ ಹೋಗ್ಬೇಕು. ಹೋಗ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಕಟ್ಟಿ."

ನನಗೆ ನಗು ಬರಬೇಕಿತ್ತು. ಬೆರಳು ಹೋದರೆ ಬಿಚ್ಚು ಎಂದು ಕಲಿತವನು ನಾನು.

ಮಾತ್ರೆಯ ವಿಷಯವನ್ನೂ ಹೇಳಿದೆ. ಅವರ ಮುಖ ಬಿಗಿಯಾಯಿತು. ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಕುತ್ತು, ಉಗುಳಿದ್ದು ನಿಮ್ಮ ಪುಣ್ಯ ಎಂದರು. ಹೊರ ಅಂಚಿನ ಬೆರಳು ಉಳಿಯುವುದು ಸಂಶಯ, ಸೋಂಕು ಮೇಲಕ್ಕೇರಿದರೆ ಪಾದಕ್ಕೇ ಅಪಾಯ, ಒಂದು ವಾರ ನೋಡೋಣ ಎಂದರು.

ಹೆದರಿಕೆಯಾಗಿದೆ. ಇಲ್ಲಿ ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ, ತುಂಬಾ ಹೆದರಿಕೆಯಾಗಿದೆ. ಊರಿಗೆ ಹೋಗುವಾಗ ಹೆಂಡತಿ ನನಗೆ ವಹಿಸಿದ್ದು ಇದೊಂದನ್ನೇ.

ಮಾರ್ಚ್ ೧೦, ಸೋಮವಾರ

ಅಂಗಡಿಯ ಅರ್ಧ ಶಟರ್ ಎಳೆದಿದ್ದೇನೆ. ಡಾಕ್ಟರಮ್ಮ ಹೇಳಿಕೊಟ್ಟಂತೆ ಬೆಳಿಗ್ಗೆ, ಸಂಜೆ ಕಟ್ಟು ಬಿಚ್ಚುವುದು. ಬೆರಳು ಬೆಚ್ಚಗಿದೆಯೇ, ಬಣ್ಣ ಹೇಗಿದೆ, ವಾಸನೆ ಇದೆಯೇ ನೋಡುವುದು. ಬೆರಳ ಸಂದಿಗೆ ಹತ್ತಿ ಇಟ್ಟು, ಮೇಲೆ ಇನ್ನಷ್ಟು ಹತ್ತಿ ಸುತ್ತಿ, ಆಮೇಲೆ ಬಟ್ಟೆ. ಎಳೆಯಬಾರದು. ತುದಿ ಕಾಣುವಂತೆ ಬಿಡಬೇಕು. ಸೂಜಿ ಮುಟ್ಟಬಾರದು ಎಂದು ಎರಡು ಸಲ ಹೇಳಿದರು.

ಬಿಚ್ಚುವಾಗ ಅವನಿಗೆ ನೋವಿತ್ತು, ಗೊತ್ತಾಗುತ್ತಿತ್ತು. ಟೈ ಮರೆತಿದ್ದೆ. ಕಚ್ಚಲಿಲ್ಲ. ಒಮ್ಮೆ ನನ್ನ ಮಣಿಕಟ್ಟನ್ನು ಹಲ್ಲಿನ ನಡುವೆ ಹಿಡಿದುಕೊಂಡು, ಒತ್ತದೆ, ಹಾಗೇ ಬಿಟ್ಟ.

ಮಾರ್ಚ್ ೧೨, ಬುಧವಾರ

ಹೆದರಿ ಹೆದರಿ ಎಷ್ಟು ಸಡಿಲವಾಗಿ ಕಟ್ಟಿದ್ದೆನೆಂದರೆ ಇವತ್ತು ಬೀದಿಯ ನಡುವೆ ಇಡೀ ಕಟ್ಟು ಕಾಲುಚೀಲದಂತೆ ಕಳಚಿ ಬಿತ್ತು. ಊರಿನ ಅತ್ಯುತ್ತಮ ದರ್ಜಿ ಬಗ್ಗಿ ಅದನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡ. ಹೋಟೆಲಿನವನು ನೋಡಿ ನಕ್ಕ. ನಗಲಿ.

ಗಾಯ ನೆಕ್ಕಬಾರದೆಂದು ಕತ್ತಿನ ಸುತ್ತ ಆಲಿಕೆಯಂಥ ಕೊಳವೆ ಹಾಕಬೇಕಂತೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದು ಕುತ್ತಿಗೆ ಕೊಯ್ಯುತ್ತದೆ. ಕಾಲರಿನ ಒಳಗೆ ಹಾಕುವ ಬಕ್ರಂ ಬಟ್ಟೆಯಲ್ಲಿ ನಾನೇ ಹೊಲಿದೆ. ಅಂಚಿಗೆ ಮೆತ್ತನೆಯ ಫ್ಲಾನೆಲ್. ಮೊದಲ ಟ್ರಯಲ್ಲಿನಲ್ಲಿ ಕತ್ತಿಗೆ ಬಿಗಿಯಾಯಿತು. ಬಿಚ್ಚಿದೆ. ಎರಡನೆಯದರಲ್ಲಿ ನನ್ನ ಬೆರಳು ಒಳಗೆ ಹೋಯಿತು. ಧರಿಸಿದ ಸಾಹೇಬರು ಅಂಗಡಿ ಸುತ್ತು ಹಾಕಿ ಕೋಟು ತೊಟ್ಟ ಗೊಂಬೆಯನ್ನು ಉರುಳಿಸಿ, ಹೊಲಿಗೆ ಯಂತ್ರಕ್ಕೆ ಡಿಕ್ಕಿ ಹೊಡೆದು, ನನ್ನನ್ನೇ ದುರುಗುಟ್ಟಿ ನೋಡಿದರು. ಈ ಗಿರಾಕಿಗೂ ತೃಪ್ತಿಯಿಲ್ಲ.

ಮಾರ್ಚ್ ೧೩, ಗುರುವಾರ

ಒಳಗಿನ ಬೆರಳುಗಳು ಬೆಚ್ಚಗಿವೆ. ಹೊರ ಅಂಚಿನದು ಇನ್ನೂ ತಣ್ಣಗೇ ಇದೆ.

ಮಾರ್ಚ್ ೧೫, ಶನಿವಾರ

ಮ್ಯಾನೇಜರ್ ಬಂದು ಕೋಟು ಏನಾಯಿತೆಂದರು. ಬದಿಯ ಹೊಲಿಗೆ ಬಿಚ್ಚಿ ಸಡಿಲ ಮಾಡಿ ಕೊಟ್ಟೆ. ವಾದ ಮಾಡಲು ಪುರುಸೊತ್ತಿರಲಿಲ್ಲ, ಹತ್ತಿ ಬದಲಿಸುವ ಹೊತ್ತಾಗಿತ್ತು. ಹಾಕಿಕೊಂಡು ಕೈ ಮೇಲೆತ್ತಿ, ಇಳಿಸಿ, ಕುರ್ಚಿಯಲ್ಲಿ ಕೂತು, ಎದ್ದು, ನನ್ನ ಕೈ ಕುಲುಕಿದರು. ಒಂದು ಕೋಟಿಗೆ ಇಷ್ಟು ನಾಟಕ.

ನಾಳೆ ಹೆಂಡತಿಗೆ ಹೇಳಬೇಕು ಎಂದುಕೊಂಡೆ. ನಿನ್ನೆಯೂ ಅಂದುಕೊಂಡಿದ್ದೆ.

ಮಾರ್ಚ್ ೧೭, ಸೋಮವಾರ

ಬೆರಳು ಕಪ್ಪಾಗಿತ್ತು. ಡಾಕ್ಟರಮ್ಮ ಕಾಯುವುದು ಬೇಡ ಎಂದರು. ಇವತ್ತು ತೆಗೆದರು. ಒಂದೇ ಬೆರಳು. ಪಾದ ಉಳಿಯಿತು, ಓಡುತ್ತಾನೆ, ಏನೂ ತೊಂದರೆಯಿಲ್ಲ, ನಾಯಿಗಳು ಇಂಥದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ ಎಂದರು. ನಾಯಿಯದು ಗೊತ್ತಾಯಿತು, ದರ್ಜಿಯ ಮನಸ್ಸಿನ ವಿಷಯ ಹೇಳಲಿಲ್ಲ.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದೆ. ಪಕ್ಕದಲ್ಲಿ ಬೆಕ್ಕು ತಂದಿದ್ದ ಹೆಂಗಸು ಏನಾಗಿದೆ ಎಂದು ಕೇಳಿದಳು. ಗಾಜು ಚುಚ್ಚಿತು ಎಂದೆ. ಆಮೇಲೆ ಅದೂ ಸರಿಕಾಣದೆ, ನಾನು ಬಿಗಿಯಾಗಿ ಕಟ್ಟಿದೆ ಎಂದೆ. ಅವಳು ಬೆಕ್ಕನ್ನು ಕೊಂಚ ಹತ್ತಿರಕ್ಕೆ ಎಳೆದುಕೊಂಡಳು.

ಮಾರ್ಚ್ ೧೮, ಮಂಗಳವಾರ

ಹೇಳಿದೆ. ಹೆಂಡತಿ ಫೋನ್ ಎತ್ತಿದ ಕೂಡಲೇ, ನಿನ್ನ ಕಾಲು ಹೇಗಿದೆ ಎಂದೂ ಕೇಳದೆ, ಗಾಜಿನಿಂದ ಹಿಡಿದು ನಿನ್ನೆಯವರೆಗೆ ಒಂದೇ ಉಸಿರಿಗೆ ಹೇಳಿದೆ. ಗಾಜಿನದ್ದಲ್ಲ ತಪ್ಪು, ನನ್ನದು ಎಂದೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಕಟ್ಟಾಗಿದ್ದರೆ ಚೆನ್ನಾಗಿತ್ತು ಎಂದೂ ಅಂದುಕೊಂಡೆ.

"ಏನೋ ಆಗಿದೆ ಅಂತ ಗೊತ್ತಿತ್ತು. ದಿನಾ ಬರೀ ಮುಖ ತೋರಿಸ್ತಿದ್ರಿ," ಎಂದಳು ಕೊನೆಗೆ. "ಈಗ ಎಲ್ಲಿದಾನೆ?"

"ಸೋಫಾ ಮೇಲೆ."

"ನೀವು?"

"ಕೆಳಗೆ, ನೆಲದ ಮೇಲೆ."

"ಅಳ್ತಿದೀರಾ?"

ನೆಗಡಿ ಎಂದೆ. ಅವಳು ಬೈಯಲಿಲ್ಲ. ಬೈದರೆ ಉತ್ತರ ಕೊಡಲು ನನಗೆ ಬರುತ್ತದೆ. ಫೋನನ್ನು ಮರಿಯ ಕಿವಿಯ ಹತ್ತಿರ ಹಿಡಿಯಲು ಹೇಳಿದಳು. ಹಿಡಿದೆ. ಏನು ಹೇಳಿದಳೋ, ಕೊಳವೆಯೊಳಗಿನ ಎರಡು ಕಿವಿಯೂ ನೆಟ್ಟಗಾದವು.

ಮಾರ್ಚ್ ೨೨, ಶನಿವಾರ

ಕಟಿಂಗ್ ಶಾಪಿನವನ ಅತ್ತೆಯ ನಾಯಿ ಕಾಲು ಕೊಯ್ದುಕೊಂಡಿದೆಯಂತೆ. ಅವನು ಪಟಕ ಹಿಡಿದು ಹೊರಟಿದ್ದ. ತಡೆದು ನಿಲ್ಲಿಸಿ ಹತ್ತಿಯ ಸುರುಳಿ ಕೊಟ್ಟು, ಅವನ ಕೈಯನ್ನೇ ನಾಯಿಯ ಕಾಲು ಮಾಡಿಕೊಂಡು ಕಟ್ಟಿ ತೋರಿಸಿದೆ. ಬೆರಳು ತೂರಿಸಿ ನೋಡು, ತುದಿ ಮುಟ್ಟಿ ನೋಡು, ತಲೆನೋವಿನ ಮಾತ್ರೆಯನ್ನು ನಿನ್ನ ತಲೆಗೇ ಇಟ್ಟುಕೋ, ಕಟ್ಟಿದ ಮೇಲೆ ಡಾಕ್ಟರಮ್ಮನ ಹತ್ತಿರ ಹೋಗು ಎಂದೆ. ಗಾಯಕ್ಕೆ ಕಟ್ಟು ಹಾಕುವುದು ಅಲ್ಲಿಗೆ ಹೋಗುವ ದಾರಿಗೆ ಮಾತ್ರ, ಅದರಿಂದ ವೈದ್ಯನಾಗುವುದಿಲ್ಲ ಎಂದೂ ಸೇರಿಸಿದೆ. ಎಲ್ಲ ಬಲ್ಲವರಂತೆ ಮಾತಾಡುತ್ತೀರಿ ಎಂದ. ಒಬ್ಬನ ಬೆರಳು ಕಳೆದು ಕಲಿತದ್ದು ಎಂದು ಅವನಿಗೆ ಹೇಳಲಿಲ್ಲ, ಅವನಿಗೆ ಗೊತ್ತು.

ಬೇಸಿಗೆಯ ಬಿಸಿಲಿಗೆ ರಸ್ತೆ ಕಾಯುತ್ತಿದೆ. ಹೊಸ ಚರ್ಮಕ್ಕೆ ಸುಡುತ್ತದೆಂದು ಬೆಳಿಗ್ಗೆ ಬೇಗ ಹೋಗಿ ಬರುತ್ತಿದ್ದೇವೆ.

ಮಾರ್ಚ್ ೨೯, ಶನಿವಾರ

ಬಂದಳು. ನಾದಿನಿ ಕಾರಿನಿಂದ ಇಳಿಸಿದಳು. ಇವಳು ಕೋಲು ಊರಿಕೊಂಡು ಕುಂಟುತ್ತ ಈ ಕಡೆಯಿಂದ, ಅವನು ಮೂರೂವರೆ ಕಾಲಿನಲ್ಲಿ ಆ ಕಡೆಯಿಂದ. ಇಬ್ಬರೂ ಒಬ್ಬರನ್ನೊಬ್ಬರು ಬೀಳಿಸಬಾರದೆಂದು ನಾನು ನಡುವೆ ನಿಂತೆ. ನನ್ನನ್ನು ಇಬ್ಬರೂ ದಾಟಿ ಹೋದರು. ಅವಳು ಕುರ್ಚಿಯಲ್ಲಿ ಕೂತು ಅವನ ಪಾದ ಕೈಗೆತ್ತಿಕೊಂಡು, ಬೆರಳಿಲ್ಲದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ.

ಮಾರ್ಚ್ ೩೦, ಭಾನುವಾರ

ಸಂಜೆ ಅವಳ ಮೊಣಕಾಲಿನ ಕಟ್ಟು ನೋಡಿದೆ. ನಾದಿನಿ ಸುತ್ತಿದ್ದು. ಯಾರೂ ಕೇಳದಿದ್ದರೂ ಅಂಚಿನಲ್ಲಿ ಬೆರಳು ತೂರಿಸಿದೆ. ಹೋಗಲಿಲ್ಲ. ಬಿಚ್ಚಿ, ಪಾದ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿ, ಎಳೆಯದೆ ಮತ್ತೆ ಸುತ್ತಿದೆ. ಹೇಗಿದೆ ಎಂದೆ. "ಕಾಲು ಇರೋದೇ ಮರೆತುಹೋಯ್ತು," ಎಂದಳು. ಮೆಚ್ಚುಗೆ ಇರಬೇಕು, ನನಗೆ ಅಭ್ಯಾಸವಿಲ್ಲ.

ಆ ಧೈರ್ಯದಲ್ಲಿ ಕೇಳಿಬಿಟ್ಟೆ, ಬೂದು ಕೋಟು ಯಾಕೆ ಹಾಕಿಕೊಳ್ಳಲಿಲ್ಲವೆಂದು.

"ಅದು ಹಾಕ್ಕೊಂಡ್ರೆ ಕೈ ಎತ್ತೋಕಾಗಲ್ಲ ರೀ. ನೀವು ಹೊಲಿದಿರೋ ಯಾವುದ್ರಲ್ಲೂ ನಾನು ಹೊಟ್ಟೆ ತುಂಬ ಉಂಡಿಲ್ಲ."

"ಆಗಲೇ ಹೇಳಬಾರದಿತ್ತಾ?"

"ಹೇಳಿದ್ದೆ. ನಿನ್ನ ತೋಳು ಸರಿಯಿಲ್ಲ ಅಂದ್ರಿ."

ಹಾಗೆ ಅಂದದ್ದು ನೆನಪಿಲ್ಲ. ಅಂದಿರುತ್ತೇನೆ.

ಅವಳು ಮಲಗಿದ್ದಾಳೆ. ಸೋಫಾ ಖಾಲಿಯಿದೆ, ಸಾಹೇಬ ಮೇಜಿನ ಕೆಳಗೆ ನನ್ನ ಪಾದದ ಮೇಲೆ ಮೂತಿ ಇಟ್ಟುಕೊಂಡಿದ್ದಾನೆ. ಪಾದ ಜೋಮು ಹಿಡಿದಿದೆ, ಅಲುಗಿಸಿದರೆ ಏಳುತ್ತಾನೆ. ಕಪಾಟಿನಿಂದ ಕೋಟು ತೆಗೆದು ಪ್ಲಾಸ್ಟಿಕ್ ಬಿಚ್ಚಿ ಮೇಜಿನ ಮೇಲೆ ಹರಡಿದ್ದೇನೆ. ಬದಿಯ ಹೊಲಿಗೆ, ತೋಳಿನ ಹೊಲಿಗೆ ಎರಡನ್ನೂ ಬಿಚ್ಚಿದೆ. ಸಡಿಲ ಮಾಡಲು ಒಳಗೆ ಮಡಿಸಿಟ್ಟ ಬಟ್ಟೆ ಬೇಕಾದಷ್ಟಿದೆ. ಹೊಲಿದ ದಿನದಿಂದಲೂ ಇತ್ತು.